ತಟ್ಟೆಯಲ್ಲಿಟ್ಟು ಕೊಟ್ಟ ಎಲೆ

ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಆ ರೆಸಾರ್ಟಿಗೆ ಹೋಗಬೇಕಾಯಿತು. ಹೋಗಬಾರದೆಂದೇ ಇದ್ದೆ. ಮಗಳು ಬಿಡಲಿಲ್ಲ, ಎಷ್ಟು ವರ್ಷ ಅಂತ ಸಿಟ್ಟು ಇಟ್ಟುಕೊಂಡಿರುತ್ತೀರಿ, ಬನ್ನಿ ಎಂದು ಕಾರಿನಲ್ಲಿ ಕೂರಿಸಿಕೊಂಡಳು. ಒಳಗೆ ಕಾಲಿಟ್ಟರೆ ಎದುರಿಗೇ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಆಳುದ್ದಕ್ಕಿಂತ ಹೆಚ್ಚಿನ ಒಂದು ಮರದ ಕಂಬ, ಬುಡದಲ್ಲಿ ದಪ್ಪಗೆ ಚೂಪಾಗಿ ಕೆತ್ತಿದ್ದು. ನಡುವೆ ಸೀಳು ಬಿಟ್ಟಿತ್ತು. ಸೀಳಿಗೆ ಹಿತ್ತಾಳೆಯ ಪಟ್ಟಿ ಸುತ್ತಿ, ಎಣ್ಣೆ ಹಚ್ಚಿ, ಮೇಲಿನಿಂದ ಸಣ್ಣ ದೀಪ ಬಿಟ್ಟಿದ್ದರು. ಕೆಳಗೆ ಒಂದು ಚೀಟಿ: "ಹಳೆಯ ಕಾಲದ ಒನಕೆ."

ನನಗೆ ಮೈಯೆಲ್ಲ ಉರಿಯಿತು. ಒನಕೆಯಂತೆ. ಅದು ಆ ಕೆರೆಯ ತೂಬಿನ ಬಿರಡೆ. ಕೆರೆಯ ನೀರನ್ನು ಗದ್ದೆಗೆ ಬಿಡುವ ಕಲ್ಲಿನ ಕಿಂಡಿಗೆ ಜಡಿಯುವ ಗೂಟ. ಅದನ್ನು ಎತ್ತಿದರೆ ಊರಿಗೆ ಅನ್ನ, ಇಳಿಸಿದರೆ ಕೆರೆಗೆ ನೀರು. ಗಾಜಿಗೆ ಮುಖ ಹತ್ತಿರ ತಂದು ನೋಡಿದೆ. ಗಾಜಿನಾಚೆಯ ಮರದ ವಾಸನೆ ಮೂಗಿಗೆ ಬರುವುದು ಸಾಧ್ಯವಿಲ್ಲ, ಆದರೂ ಆ ಕೆಸರಿನ, ಪಾಚಿಯ ವಾಸನೆ ಬಂದ ಹಾಗಾಯಿತು... ಜೊತೆಗೆ ಆ ಮುದುಕ. ಗದ್ದೆಗಳಿಗೆ ನೀರು ಹಂಚುತ್ತಿದ್ದ ಊರ ನೀರುಗಂಟಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಪಾಂಡವಪುರ ತಾಲ್ಲೂಕು ನಾಗಮಂಗಲಕ್ಕೆ ಮುಖ ಮಾಡುವ ಕಡೆಯ ಆ ಊರಿಗೆ ನಾನು ಗ್ರಾಮ ಲೆಕ್ಕಿಗನಾಗಿ ಬಂದಿದ್ದೆ. ಊರಿನ ಹೆಸರು ಬೇಡ. ಮೂರು ಕಡೆ ಬಂಡೆಗುಡ್ಡ, ನಡುವೆ ಕೆರೆ, ಏರಿಯ ಕೆಳಗೆ ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆ. ನಾನು ಬಿಂಡಿಗನವಿಲೆ ಕಡೆಯವನು. ನಮ್ಮಲ್ಲಿ ಮಳೆ ಬಂದರೆ ರಾಗಿ, ಬರದಿದ್ದರೆ ಕುರಿ. ಅಷ್ಟು ನೀರನ್ನು ದಿನಾ ಬೆಳಿಗ್ಗೆ ಪುಕ್ಕಟೆಯಾಗಿ ನೋಡುವುದೇ ನನಗೊಂದು ಭಾಗ್ಯವಾಗಿತ್ತು. ಪಹಣಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಏರಿಯ ಮೇಲೆ ಓಡಾಡುತ್ತಿದ್ದೆ.

ಏರಿಯ ಮೇಲೆ ನನಗಿಂತ ಮೊದಲೇ ಇರುತ್ತಿದ್ದವನು ನೀರುಗಂಟಿ. ಸಣಕಲು ಮೈ, ಮಂಡಿಗಿಂತ ಮೇಲಕ್ಕೆ ಕಟ್ಟಿದ ಪಂಚೆ, ಹೆಗಲ ಮೇಲೊಂದು ಸನಿಕೆ. ಅವನಪ್ಪನೂ ನೀರುಗಂಟಿ, ಅಜ್ಜನೂ ನೀರುಗಂಟಿ. ಸಂಬಳ ಎಂಬುದಿಲ್ಲ. ಸುಗ್ಗಿಯಲ್ಲಿ ಪ್ರತಿ ಗದ್ದೆಯವರೂ ಅವನಿಗೆ ಇಂತಿಷ್ಟು ಹೊರೆ ಭತ್ತ ಕೊಡಬೇಕು. ಜೊತೆಗೆ ಊರು ಬಿಟ್ಟ ಒಂದು ತುಂಡು ಗದ್ದೆ ಇತ್ತು, ಅದೂ ಕಾಲುವೆಯ ಕಟ್ಟಕಡೆಯಲ್ಲಿ. ಮೊದಮೊದಲು ಇದು ಅನ್ಯಾಯ ಎಂದುಕೊಂಡಿದ್ದೆ. ಒಮ್ಮೆ ಹಾಗೆಂದು ಅವನ ಎದುರಿಗೇ ಹೇಳಿಯೂಬಿಟ್ಟೆ. ಅವನು ನಕ್ಕ.

"ಅದ್ಕೇ ಅಲ್ವಾ ಸಾಮಿ ಕೊನೇಲಿ ಕೊಟ್ಟಿರದು. ಎಲ್ಲಾರ ಗದ್ದೆ ಕುಡುದ್ ಮೇಲೇಯ ನಮ್ದಕ್ಕೆ ಬರಾದು. ನಾನ್ ಮೋಸ ಮಾಡುದ್ರೆ ಮೊದ್ಲು ಒಣಗಾದು ನಂದೇಯ."

ಇಂಥ ಬುದ್ಧಿವಂತಿಕೆಯನ್ನು ನಮ್ಮ ಇಲಾಖೆಯ ಯಾವ ಸುತ್ತೋಲೆಯಲ್ಲೂ ನಾನು ಕಂಡಿಲ್ಲ.

ತೂಬು ಎತ್ತುವುದು ಅವನೊಬ್ಬನ ಕೈಗೆ ಒಗ್ಗಿದ ಕೆಲಸ. ಏರಿಯಿಂದ ಸ್ವಲ್ಪ ಒಳಗೆ ನೀರಿನ ನಡುವೆ ಎರಡು ಕಲ್ಲುಕಂಬಗಳಿದ್ದವು. ಅಲ್ಲಿಗೆ ಈಜಿಕೊಂಡು ಹೋಗಿ, ಅಡ್ಡಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಬಿರಡೆಯ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಿರುವುತ್ತಿದ್ದ. ಮಾತನಾಡಿಸುವ ಹಾಗೆ ಏನೋ ಗೊಣಗುತ್ತಿದ್ದ. ಒಂದು ಹಂತದಲ್ಲಿ ಅದು ತಾನಾಗಿ ಸಡಿಲಗೊಂಡು ಏಳುತ್ತಿತ್ತು. ಬಲವಂತಕ್ಕೆ ಅದು ಏಳಾಕಿಲ್ಲ, ಎಮ್ಮೆಯ ಹಾಗೆ ಸವರಿ ಏಳಿಸಬೇಕು ಎನ್ನುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಬೇಸಿಗೆ ಭತ್ತಕ್ಕೆ ತೂಬು ಎತ್ತುವ ದಿನ ಊರವರು ಏರಿಯ ಮೇಲೆ ಪೂಜೆ ಮಾಡಿ ಅವನಿಗೆ ಎಲೆ ಅಡಿಕೆ ಕೊಡುತ್ತಿದ್ದರು. ಆ ಎಲೆ ಈಸಿಕೊಂಡರೆ ಎಲ್ಲರ ಗದ್ದೆಗೂ ಸರದಿ ತಪ್ಪದೆ ನೀರು ಕೊಡುತ್ತೇನೆ ಎಂದು ಅವನು ಮಾತು ಕೊಟ್ಟಂತೆ. ಬರವಣಿಗೆಯಿಲ್ಲ, ರುಜುವಿಲ್ಲ. ವರ್ಷವಿಡೀ ಯಾರೂ ಅವನ ಸರದಿಯನ್ನು ಪ್ರಶ್ನಿಸುತ್ತಿರಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಅವನದು ಊರ ಹೊರಗಿನ ಕೇರಿ. ಎಲೆ ಕೊಡುವಾಗ ಊರ ಯಜಮಾನರು ಅವನ ಕೈ ತಾಕದಂತೆ ಮೇಲಿನಿಂದ ಬೀಳಿಸುತ್ತಿದ್ದರು. ಅವನು ಬೊಗಸೆ ಒಡ್ಡಿ ಹಿಡಿಯುತ್ತಿದ್ದ. ನಾನು ಅದನ್ನು ಕಂಡೂ ಇದ್ದೇನೆ, ಸುಮ್ಮನೂ ಇದ್ದೇನೆ.

ರೆಸಾರ್ಟಿನವರು ಬಂದದ್ದು ಒಂದು ಮಳೆಗಾಲದ ಕೊನೆಗೆ, ಕೆರೆ ಕೋಡಿ ಬಿದ್ದಿದ್ದಾಗ. ಆ ಹೊತ್ತಿನಲ್ಲಿ ಆ ಕೆರೆಯನ್ನು ನೋಡಿದವರು ಯಾರಾದರೂ ಮರುಳಾಗಬೇಕು, ಅದಕ್ಕೆ ಅವರನ್ನು ಬೈಯುವುದಿಲ್ಲ. ಆಚೆ ದಡದ ಹೊಲಗಳನ್ನು ಕೊಂಡರು. ಬೇಸಾಯದ ಜಮೀನು ಬೇಸಾಯೇತರವಾಗುವುದಕ್ಕೆ ಕಚೇರಿಯಲ್ಲಿ ಏನೇನು ಆಗಬೇಕೋ ಅದೆಲ್ಲ ಆಗಬೇಕಾದ್ದಕ್ಕಿಂತ ಬೇಗ ಆಯಿತು. ಹೊಲದ ಜೊತೆಗೆ ಕೆರೆಯ ಅಂಗಳವೂ ಸ್ವಲ್ಪ ಬೇಲಿಯೊಳಗೆ ಸೇರಿಕೊಂಡಿತು. ದನ ನೀರಿಗಿಳಿಯುತ್ತಿದ್ದ ಜಾಗ ಅದು. ನಾನು ಅಳತೆಪಟ್ಟಿ ಹಿಡಿದು ಹೋಗಿ ಬಂದು ಮೇಲಿನವರಿಗೆ ಹೇಳಿದೆ. ಮೇಲಿನವರು, ಶ್ರೀರಂಗಪಟ್ಟಣಕ್ಕೆ ಬರುವ ಜನ ಇನ್ನು ಇಲ್ಲಿಗೂ ಬರುತ್ತಾರೆ, ಊರು ಉದ್ಧಾರ ಆಗುವಾಗ ನೀನೇನಯ್ಯಾ ಎರಡು ಗುಂಟೆ ಹಿಡಿದುಕೊಂಡು ಅಳುತ್ತೀ ಎಂದರು. ಮಹಜರಿನಲ್ಲಿ ಸಾರ್ವಜನಿಕರ ಆಕ್ಷೇಪಣೆ ಇರುವುದಿಲ್ಲ ಎಂದು ಬರೆದವನು ನಾನೇ. ಸಾರ್ವಜನಿಕರನ್ನು ಯಾರೂ ಕೇಳಿರಲಿಲ್ಲ.

ಅವರಿಗೆ ಬೇಕಾಗಿದ್ದದ್ದು ದೋಣಿವಿಹಾರ. ದೋಣಿ ತೇಲಬೇಕಾದರೆ ಬೇಸಿಗೆಯಲ್ಲೂ ಕೆರೆ ತುಂಬಿರಬೇಕು. ತುಂಬಿರಬೇಕಾದರೆ ತೂಬು ಏಳಬಾರದು. ಕಾನೂನಿನ ಪ್ರಕಾರ ಅದನ್ನು ತಡೆಯುವ ಹಕ್ಕು ಅವರಿಗೆ ಇರಲಿಲ್ಲ. ಇದನ್ನು ಬೆಂಗಳೂರಿನಿಂದ ಬಂದವರು ಯೋಚಿಸುತ್ತ ಕೂತಿದ್ದಾಗ ದಾರಿ ತೋರಿಸಿದವನು ಕಟ್ಟಡದ ಗುತ್ತಿಗೆದಾರ. ಅವನು ಬೆಂಗಳೂರಿನವನಲ್ಲ, ಪಕ್ಕದ ಊರಿನವನು. ಎಲೆ ಈಸಿಕೊಂಡರೆ ಏನರ್ಥ ಎಂದು ಬಲ್ಲವನು. ನನ್ನ ಸಿಟ್ಟೆಲ್ಲ ಹೋಗಿ ನಿಲ್ಲುವುದು ಅಲ್ಲಿ. ಹೊರಗಿನವನಿಗೆ ಗೊತ್ತಿಲ್ಲದೆ ಮಾಡಿದ ಎಂದುಕೊಳ್ಳಬಹುದು, ಮನೆಯ ಬೆಕ್ಕೇ ಹಾಲಿಗೆ ಬಾಯಿ ಹಾಕಿದರೆ ಏನು ಹೇಳುವುದು?

ಸಂಕ್ರಾಂತಿಗೆ ಮುಂಚೆ, ಊರ ಎಲೆ ಇನ್ನೂ ನೀರುಗಂಟಿಯ ಕೈಗೆ ಬಂದಿರದ ಆ ನಾಲ್ಕೈದು ದಿನಗಳಲ್ಲಿ, ರೆಸಾರ್ಟಿನಲ್ಲಿ ಏನೋ ಪೂಜೆ ಎಂದು ಗುತ್ತಿಗೆದಾರ ಅವನನ್ನು ಕರೆಸಿದ. ನಾನೂ ಹೋಗಿದ್ದೆ. ಶಾಮಿಯಾನದ ಕೆಳಗೆ ಎಲ್ಲರ ಸಾಲಿನಲ್ಲೇ ಕುರ್ಚಿ ಹಾಕಿ ಅವನನ್ನು ಕೂರಿಸಿದರು. ಅವನು ಕುರ್ಚಿಯ ತುದಿಯಲ್ಲಿ ಕೂತಿದ್ದ. ಪೂಜೆ ಮುಗಿದ ಮೇಲೆ ಗುತ್ತಿಗೆದಾರ ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಅವನ ಮುಂದೆ ನೀಡಿದ. ನಂತರ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಉದ್ಘಾಟ್ನೆ ಆಗಗಂಟ ತೂಬೆತ್ಬ್ಯಾಡ ತಾತ. ಎಂಟೊಂಬತ್ ದಿನ ಅಷ್ಟೇಯ. ದೊಡ್ಡೋರ್ ಬತ್ತಾವ್ರೆ, ಊರ್ಗೇ ಮರ್ವಾದೆ."

ಮುದುಕ ತಟ್ಟೆಯನ್ನೇ ನೋಡಿದ. ಹುಟ್ಟಿದಂದಿನಿಂದ ಅವನಿಗೆ ಯಾರೂ ಎಲೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟಿರಲಿಲ್ಲ. ಎಂಟೊಂಬತ್ತು ದಿನ ತಾನೆ, ಒಟ್ಲು ತಡೆದುಕೊಳ್ಳುತ್ತದೆ ಎಂದು ಅವನು ಲೆಕ್ಕ ಹಾಕಿರಬೇಕು. ಒಟ್ಲು ಎಂದರೆ ಭತ್ತದ ಸಸಿಮಡಿ. ತೆಗೆದುಕೊಂಡ. ಅದೇ ತಟ್ಟೆ ಮುಂದೆ ನನ್ನ ಬಳಿಗೂ ಬಂತು. ನಾನೂ ತೆಗೆದುಕೊಂಡೆ, ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡೆ. ಎಲೆ ಚೆನ್ನಾಗಿತ್ತು.

ಉದ್ಘಾಟನೆ ಆಗಲಿಲ್ಲ. ದೊಡ್ಡವರಿಗೆ ಬಿಡುವು ಸಿಗಲಿಲ್ಲವಂತೆ. ಎಂಟು ದಿನ ಹದಿನೈದಾಯಿತು, ತಿಂಗಳಾಯಿತು. ಶಿವರಾತ್ರಿಗೆ ಎಂದರು, ಆಮೇಲೆ ಯುಗಾದಿಗೆ ಎಂದರು. ಈ ಕಡೆ ಬಾವಿಯ ನೀರು ಹೊತ್ತು ಹಾಕಿ ಬೆಳೆಸಿದ ಒಟ್ಲು ತುದಿಯಿಂದ ಕೆಂಪಾಗತೊಡಗಿತು. ಏರಿಯ ಮೇಲಿನಿಂದ ನೋಡಿದರೆ ಎಡಕ್ಕೆ ತುಂಬಿ ತುಳುಕುವ ನೀರು, ಬಲಕ್ಕೆ ಬಿರುಕು ಬಿಟ್ಟ ಗದ್ದೆ. ಊರವರು ಏರಿಯ ಮೇಲೆ ಸೇರಿದರು. ಪ್ರತಿವರ್ಷ ಎಲೆ ಬೀಳಿಸುತ್ತಿದ್ದ ಯಜಮಾನರು, ಆ ಗುತ್ತಿಗೆದಾರನದೇನು ಮಾತು, ಎತ್ತಲಾ ತೂಬ ಎಂದು ಗದರಿಸಿದರು. ಅವನು ತಗ್ಗಿದ ದನಿಯಲ್ಲೇ ಹೇಳಿದ:

"ಎಲೆ ಈಸ್ಕಂಡಿವ್ನಿ ಯಜಮಾನ್ರೆ. ಅವನ್ಗೆ ಕೊಟ್ಟ ಮಾತ ಇವತ್ತು ಮುರುದ್ರೆ, ನಾಳಿಕ್ ನಿಮ್ ಸರದಿ ಇಂಥಾ ದಿನ ಅಂತೀನಲ್ಲ, ಅದ ಯಾರ್ ನಂಬ್ತಾರೆ?"

ಆ ಮಾತಿನ ಮೇಲೇ ಊರಿನ ನೀರೆಲ್ಲ ಹರಿದಿತ್ತು. ಕೊನೆಗೆ ಹಿರಿಯರು ಒಂದು ದಾರಿ ಹೇಳಿದರು. ಕೊಟ್ಟವನಿಗೇ ಎಲೆ ಹಿಂತಿರುಗಿಸಿ ಅವನು ತೆಗೆದುಕೊಂಡುಬಿಟ್ಟರೆ ಮಾತು ಬಿಡುಗಡೆ, ಹಿಂದಿನಿಂದಲೂ ಹಾಗೇ.

ಅಂದಿನಿಂದ ನೀರುಗಂಟಿ ದಿನಾ ಬೆಳಿಗ್ಗೆ ಹೊಸ ಎಲೆ, ಒಂದು ಅಡಿಕೆಯನ್ನು ಟವೆಲಿನ ಮೂಲೆಯಲ್ಲಿ ಗಂಟು ಹಾಕಿಕೊಂಡು ರೆಸಾರ್ಟಿನ ಗೇಟಿನ ಎದುರು ಹೋಗಿ ಕೂರುತ್ತಿದ್ದ. ಗುತ್ತಿಗೆದಾರನ ಜೀಪು ನಿಲ್ಲುತ್ತಲೇ ಇರಲಿಲ್ಲ. ಒಳಗಿನ ಮ್ಯಾನೇಜರು ಕನ್ನಡ ಬಾರದ ಮನುಷ್ಯ. ಪಾಪದ ಮುದುಕ ಏನೋ ಕೇಳುತ್ತಿದ್ದಾನೆ ಎಂದು ಅವನಿಗೆ ಊಟದ ಪೊಟ್ಟಣ ಕಳಿಸುತ್ತಿದ್ದ. ಮುದುಕ ಅದನ್ನು ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನೇ ಜೀಪಿಗೆ ಅಡ್ಡ ನಿಂತೆ. ಗುತ್ತಿಗೆದಾರ ಇಳಿದ, ನಕ್ಕ, ಟವೆಲಿನ ಗಂಟು ಬಿಚ್ಚುತ್ತಿದ್ದ ಮುದುಕನ ಎದುರು ಕೈಮುಗಿದ.

"ಕೊಟ್ಟಿದ್ ಎಲೆಯ ವಾಪಸ್ ಈಸ್ಕಳೋ ವಂಸ ಅಲ್ಲ ಕಣ್ ತಾತ ನಮ್ದು. ನಿಂಗ್ ಮಾಡಿದ್ ಮರ್ವಾದೆ ನಿಂಗೇ ಇರ್ಲಿ."

ಹೇಳಿ ಜೀಪು ಹತ್ತಿ ಹೋದ. ಮರ್ಯಾದೆಯಿಂದಲೇ ಒಬ್ಬನ ಕತ್ತು ಕೊಯ್ಯಬಹುದು ಎಂದು ಅಂದು ಕಣ್ಣಾರೆ ಕಂಡೆ. ಮುದುಕ ಎಲೆಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಬಿಸಿಲಿಗೆ ಅದು ಅಂಗೈಯಲ್ಲೇ ಬಾಡುತ್ತಿತ್ತು.

ನಾನು ತಾಲ್ಲೂಕು ಕಚೇರಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಮೇಜಿನ ಹಿಂದೆ ಕೂತಿದ್ದವರು ಕನ್ನಡಕ ಒರೆಸಿಕೊಂಡು, ಎಲೆ ಅಡಿಕೆ ವಿಷಯ ಫೈಲಿನಲ್ಲಿ ಬರೆಯುವುದಕ್ಕೆ ಆಗುತ್ತದೇನ್ರೀ ಎಂದು ಕೇಳಿದರು. ನೀರುಗಂಟಿ ತಾನಾಗಿ ತೂಬು ಎತ್ತುತ್ತಿಲ್ಲ, ಯಾರೂ ತಡೆದಿಲ್ಲ, ಇದರಲ್ಲಿ ದೂರು ಯಾರ ಮೇಲೆ ಎಂದರು. ಫೈಲಿನ ಲೆಕ್ಕದಲ್ಲಿ ಅವರ ಮಾತು ಸರಿಯಾಗಿಯೇ ಇತ್ತು. ಅದೇ ನನಗೆ ಇನ್ನೂ ಸಹಿಸಲಾಗದ್ದು.

ನೀರುಗಂಟಿಯ ಹೆಂಡತಿಯನ್ನು ಆ ದಿನಗಳಲ್ಲೊಮ್ಮೆ ಕಂಡೆ. ಸೊಪ್ಪು ಬಿಡಿಸುತ್ತ ಕೂತಿದ್ದ ಆಕೆ ತಲೆ ಎತ್ತದೆ ಹೇಳಿದಳು: "ಊರ್ನೋರು ಮ್ಯಾಲಿಂದ ಎಸುದ್ರು, ಅವ್ನು ತಟ್ಟೇಲಿ ಮಡಗ್ಕೊಟ್ಟ. ಊರ್ನೋರು ಒಂದ್ ಸಲನಾರ ಕೈಗ್ ಕೊಟ್ಟಿದ್ರೆ ನಮ್ಮೋರು ಆ ತಟ್ಟೆಗೆ ಸೋಲ್ತಿರ್ನಿಲ್ಲ ಬುಡಿ." ನಾನು ಊರಿನವನಲ್ಲ, ಆದರೂ ಆ ಮಾತು ನನಗೂ ತಟ್ಟಿತು.

ಶಿವರಾತ್ರಿಯ ಮಾರನೆಯ ದಿನ ಊರಿನ ಗಂಡಸರ ತಾಳ್ಮೆ ಮುಗಿಯಿತು. ಟ್ರಾಕ್ಟರನ್ನು ಏರಿಯ ಮೇಲೆ ತಂದರು. ದಪ್ಪ ಹಗ್ಗದ ಒಂದು ತುದಿಯನ್ನು ಬಿರಡೆಯ ತಲೆಗೆ, ಇನ್ನೊಂದನ್ನು ಟ್ರಾಕ್ಟರಿಗೆ ಕಟ್ಟಿದರು. ಸುದ್ದಿ ಸಿಕ್ಕಿ ನೀರುಗಂಟಿ ಗೇಟಿನ ಕಡೆಯಿಂದ ಓಡಿ ಬಂದ. ಎಳೀಬ್ಯಾಡಿ, ಅಡ್ಡಕ್ಕೆ ಎಳುದ್ರೆ ಮುರೀತದೆ ಎಂದು ಒಬ್ಬೊಬ್ಬರ ಮುಂದೂ ಕೈ ಚಾಚಿದ. ಹಾಗಾದರೆ ನೀನು ಎತ್ತು ಎಂದರು. ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಟ್ರಾಕ್ಟರು ಗುಡುಗಿತು. ಬಿರಡೆ ಕಲ್ಲುಕಂಬಕ್ಕೆ ಒರಗಿ ಒಂದು ಕ್ಷಣ ನಿಂತು, ಆಮೇಲೆ ಸಿಡಿಲಿನಂಥ ಸದ್ದು. ಮರ ಉದ್ದಕ್ಕೂ ಸೀಳಿಹೋಯಿತು. ಅದರ ಜೊತೆಗೆ ಕಿಂಡಿಯ ಬಾಯಿಕಲ್ಲೂ ಕಿತ್ತುಬಂತು.

ನೀರು ಬಂತು. ಬೇಕಾಗಿದ್ದಷ್ಟಲ್ಲ, ಇದ್ದಷ್ಟೂ. ಮೊದಲು ಜನ ಕೇಕೆ ಹಾಕಿದರು. ಕಾಲುವೆ ಒಡೆದು ಮೊದಲ ಗದ್ದೆಗಳ ಒಟ್ಲು ಮಣ್ಣಿನ ಸಮೇತ ಕೊಚ್ಚಿಕೊಂಡು ಹೋಗುವುದನ್ನು ಕಂಡ ಮೇಲೆ ಮುಚ್ಚುವುದು ಹೇಗೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ನೀರುಗಂಟಿ ಹುಲ್ಲಿನ ಕಂತೆಯೊಂದನ್ನು ತಬ್ಬಿಕೊಂಡು ನೀರಿಗೆ ಬಿದ್ದಿದ್ದ. ಎತ್ತುವುದಿಲ್ಲ ಎಂದು ತಾನೆ ಅವನು ಮಾತು ಕೊಟ್ಟದ್ದು, ಮುಚ್ಚುವುದಿಲ್ಲ ಎಂದಲ್ಲ. ಕಿಂಡಿ ಮನುಷ್ಯನನ್ನೇ ಎಳೆದುಕೊಳ್ಳುವಷ್ಟು ಸೆಳೆತ. ಮುಳುಗಿದ, ಎದ್ದ, ಇನ್ನೊಂದು ಕಂತೆ ಕೇಳಿದ, ಮತ್ತೆ ಮುಳುಗಿದ. ಯಜಮಾನರು ಏರಿಯ ಮೇಲೆ ನಿಂತು ಬಂದ್ಬುಡ್ಲಾ, ಸಾಯ್ತೀಯ, ಬಂದ್ಬುಡೋ ಎಂದು ಅಳುತ್ತಿದ್ದರು. ಕೊನೆಗೆ ಅವನನ್ನು ಎಳೆದು ಹಾಕಿದಾಗ ಬಲಗೈಯ ಬೆರಳುಗಳು ಕಲ್ಲಿಗೆ ಸಿಕ್ಕಿ ಜಜ್ಜಿಹೋಗಿದ್ದವು. ಯಜಮಾನರು ತಮ್ಮ ಶಲ್ಯ ಹರಿದು ಆ ಕೈಗೆ ಸುತ್ತಿದರು. ಅಂದು ಅವರು ಮೊದಲ ಸಲ ಅವನನ್ನು ಮುಟ್ಟಿದ್ದು.

ಮೂರು ದಿನದಲ್ಲಿ ಕೆರೆ ಬರಿದಾಯಿತು. ಆ ಬೇಸಿಗೆ ಊರಿಗೆ ಬೆಳೆಯೂ ಇಲ್ಲ, ರೆಸಾರ್ಟಿಗೆ ದೋಣಿಯೂ ಇಲ್ಲ. ಆದರೆ ಲಾಭ ಯಾರಿಗಾಯಿತು ನೋಡಿ. ಕಿಡಿಗೇಡಿಗಳಿಂದ ಕೆರೆಗೆ ಹಾನಿ ಎಂದು ಕಾಗದ ಓಡಾಡಿತು. ಹೊಸ ಕಬ್ಬಿಣದ ಗೇಟನ್ನು ರೆಸಾರ್ಟಿನವರೇ ದಾನವಾಗಿ ಕೊಟ್ಟರು. ಅದಕ್ಕೊಂದು ಚಕ್ರ, ಚಕ್ರಕ್ಕೊಂದು ಬೀಗ. ಸುರಕ್ಷತೆಯ ದೃಷ್ಟಿಯಿಂದ ಬೀಗದ ಕೈಯನ್ನು ದಾನಿಗಳ ಕಚೇರಿಯಲ್ಲೇ ಇಡತಕ್ಕದ್ದು ಎಂದಾಯಿತು. ಅದರ ಮಹಜರನ್ನೂ ಬರೆದವನು ನಾನೇ. ಮುಂದಿನ ವರ್ಷದಿಂದ ನೀರು ಬೇಕಾದವರು ಆಚೆ ದಡಕ್ಕೆ ಹೋಗಿ ಅರ್ಜಿ ಕೊಡಬೇಕಾಯಿತು. ನೀರುಗಂಟಿ ಎಂಬ ಕೆಲಸವೇ ಇಲ್ಲವಾದ ಮೇಲೆ ಸುಗ್ಗಿಯ ಹೊರೆಯೂ ನಿಂತಿತು.

ನನಗೆ ಕೆ.ಆರ್. ಪೇಟೆ ಕಡೆಗೆ, ಹೇಮಗಿರಿ ಹತ್ತಿರಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಹೇಳಿಹೋಗೋಣ ಎಂದು ಅವನನ್ನು ಹುಡುಕಿದೆ. ಕಾಲುವೆಯ ಕೊನೆಯ ತನ್ನ ಒಣಗದ್ದೆಯ ಬದುವಿನ ಮೇಲೆ ಕೂತಿದ್ದ. ಬಲಗೈ ಮಡಿಚಲು ಬರುತ್ತಿರಲಿಲ್ಲ. ನಾನು ಗುತ್ತಿಗೆದಾರನನ್ನು ಬೈದೆ, ಕಚೇರಿಯನ್ನು ಬೈದೆ, ಊರವರನ್ನೂ ಬೈದೆ. ಅವನು ಎಲ್ಲ ಕೇಳಿಸಿಕೊಂಡ. ಅವನ ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುವವನ ಹಾಗೆ ಕೇಳಿದ:

"ಅವತ್ತು ನೀವೂ ಎಲೆ ಈಸ್ಕಂಡ್ರಲ್ಲಾ ಸಾಮಿ. ನೀವ್ ಏನಂತ ಮಾತ್ ಕೊಟ್ಟಿದ್ರಿ?"

ನಾನು ಮಾತು ಕೊಟ್ಟಿರಲಿಲ್ಲ. ಅಗಿದು ಉಗಿದಿದ್ದೆ, ಅಷ್ಟೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಎರಡು ವರ್ಷದ ಮೇಲೆ ಅವನು ತೀರಿಕೊಂಡ ಸುದ್ದಿಯನ್ನು ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಯಾರೋ ಟೀ ಕುಡಿಯುತ್ತ ಹೇಳಿದರು. ಯಜಮಾನರೇ ಮುಂದೆ ನಿಂತು ಮಣ್ಣು ಮಾಡಿಸಿದರಂತೆ.

ಮೊನ್ನೆ ಆ ರೆಸಾರ್ಟಿನ ಹುಲ್ಲುಹಾಸಿನ ಮೇಲೆ ನಿಂತು ನೋಡಿದೆ. ಬೇಸಿಗೆ ನಡುವಿನಲ್ಲೂ ಕೆರೆ ತುಂಬಿತ್ತು. ಹಂಸದ ಆಕಾರದ ದೋಣಿಗಳು ತೇಲುತ್ತಿದ್ದವು. ಏರಿಯ ಆಚೆ ಗದ್ದೆಗಳಿರಲಿಲ್ಲ; ಸೈಟು ಮಾಡಿ ಬಿಳಿ ಕಲ್ಲು ನೆಟ್ಟಿದ್ದರು. ಇಂಥ ಕೆರೆಯ ನೋಟ ಸಿಗುವ ಜಾಗ ಇನ್ನೆಲ್ಲೂ ಇಲ್ಲ ಎಂದು ಬೋರ್ಡು ಹೇಳುತ್ತಿತ್ತು. ಮಗಳು ಫೋಟೊ ತೆಗೆದಳು. ಚೆನ್ನಾಗಿ ಬಂದಿದೆ ಅಪ್ಪ, ಸ್ವಲ್ಪ ನಗಬಾರದಾ ಎಂದಳು.

ಕೌಂಟರಿನಲ್ಲಿದ್ದ ಹುಡುಗನಿಗೆ ಅದು ಒನಕೆ ಅಲ್ಲವಪ್ಪಾ, ತೂಬಿನ ಬಿರಡೆ ಎಂದು ಹೇಳಿದೆ. ಅವನು ಓಕೆ ಸರ್ ಎಂದ. ಎಲ್ಲೂ ಬರೆದುಕೊಳ್ಳಲಿಲ್ಲ.

ಹೊರಡುವಾಗ ಬಾಗಿಲಲ್ಲಿ ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಹಿತ್ತಾಳೆ ತಟ್ಟೆ ಹಿಡಿದು ನಿಂತಿದ್ದಳು. ಎಲೆ, ಅಡಿಕೆ, ಮೇಲೊಂದು ಗುಲಾಬಿ ಎಸಳು. ನನ್ನ ಮುಂದೆ ಬಾಗಿ, ವೀಳ್ಯ ತೆಗೆದುಕೊಳ್ಳಿ ಸರ್, ನಮ್ಮ ಸಂಪ್ರದಾಯ ಎಂದಳು. ಆಕೆಯ ತಪ್ಪೇನೂ ಇಲ್ಲ. ಆದರೂ ನನ್ನ ಕೈ ಮುಂದಕ್ಕೆ ಬರಲಿಲ್ಲ.

"ಏನಂತ ಮಾತು ಕೊಡ್ಬೇಕು ಹೇಳಮ್ಮ, ಆಮೇಲೆ ತಗೊಳ್ತೀನಿ" ಎಂದೆ.

ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ನಕ್ಕಳು. ತಟ್ಟೆಯನ್ನು ನನ್ನ ಹಿಂದಿದ್ದವರ ಕಡೆಗೆ ತಿರುಗಿಸಿದಳು. ಅವರು ತೆಗೆದುಕೊಂಡರು.